ಅಚೌರ್ಯಾಣುವ್ರತ ಮತ್ತು ಜಾಹೀರಾತಿನ ತಡೆ

ಪಂಚಾಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವನ್ನು ಕುರಿತು ನಮ್ಮ ಮನೆಗಳಲ್ಲಿ ಹೆಚ್ಚಿನ ಚರ್ಚೆ ನಡೆಯುವುದಿಲ್ಲ. ಅಹಿಂಸೆಯ ವಿಷಯದಲ್ಲಿ ನೀರು ಸೋಸುವುದರಿಂದ ಹಿಡಿದು ರಾತ್ರಿಭೋಜನತ್ಯಾಗದವರೆಗೆ ಸೂಕ್ಷ್ಮವಾಗಿ ವಿಚಾರಿಸುವ ಶ್ರಾವಕನು, ಅಚೌರ್ಯದ ಮಾತು ಬಂದೊಡನೆ ‘ನಾವೇನು ಪರರ ಮನೆಗೆ ಕನ್ನ ಹಾಕುವವರೆ?’ ಎಂದು ನಿಶ್ಚಿಂತನಾಗಿಬಿಡುತ್ತಾನೆ. ಆದರೆ ನಮ್ಮ ಆಚಾರ್ಯರು ಈ ವ್ರತವನ್ನು ಅಷ್ಟು ಸ್ಥೂಲವಾಗಿ ನಿರೂಪಿಸಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸ್ತೇಯದ ಲಕ್ಷಣ ಹೇಳುವಾಗ ಕನ್ನ, ಸುಲಿಗೆಗಳ ಮಾತನ್ನೇ ಎತ್ತುವುದಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು, ಅಂದರೆ ಅದತ್ತಾದಾನವೇ ಅವರ ದೃಷ್ಟಿಯಲ್ಲಿ ಸ್ತೇಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರರ ವಸ್ತುವನ್ನು ತಾನು ತೆಗೆದುಕೊಳ್ಳದಿದ್ದರೆ ಸಾಲದು, ಎತ್ತಿ ಇನ್ನೊಬ್ಬನಿಗೆ ಕೊಡಲೂ ಬಾರದು ಎಂಬ ಕಟ್ಟು ಮಾಡಿದ್ದಾರೆ.

ಈ ಲಕ್ಷಣವನ್ನು ಮುಂದಿಟ್ಟುಕೊಂಡು ಇಂದಿನ ಒಂದು ಪ್ರಶ್ನೆಯನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅಂತರಜಾಲದಲ್ಲಿ ಓದುವಾಗಲೂ ನೋಡುವಾಗಲೂ ನಡುನಡುವೆ ಬರುವ ಜಾಹೀರಾತುಗಳನ್ನು ತಡೆದುಬಿಡುವ ಸಾಧನವೊಂದಿದೆ. ಅದಕ್ಕೆ ಆ್ಯಡ್ ಬ್ಲಾಕರ್ ಎಂದು ಹೆಸರು. ನಮ್ಮ ಯುವಕರಲ್ಲಿ ಅನೇಕರು ಇದನ್ನು ತಮ್ಮ ಕಂಪ್ಯೂಟರಿನಲ್ಲಿ ಅಳವಡಿಸಿಕೊಂಡಿದ್ದಾರೆ. ಮನೆಯ ಹಿರಿಯರ ಫೋನಿನಲ್ಲಿಯೂ ಅಳವಡಿಸಿ ಕೊಟ್ಟಿದ್ದಾರೆ. ಹಿರಿಯರಿಗೆ ಅದರಿಂದ ಸಮಾಧಾನವೇ ಆಗಿದೆ. ದಶಲಕ್ಷಣ ಪರ್ವದಲ್ಲಿ ಪ್ರವಚನವೊಂದನ್ನು ಹಾಕಿಕೊಂಡು ಕುಳಿತಾಗ, ಉತ್ತಮ ಆಕಿಂಚನ್ಯದ ವಿವರಣೆಯ ಮಧ್ಯದಲ್ಲಿ ಚಿನ್ನದ ಮೇಲೆ ಸಾಲ ಕೊಡುವವರ ಜಾಹೀರಾತು ಬಂದರೆ ಯಾರಿಗೆ ತಾನೆ ಹಿತವಾದೀತು? ಆದರೆ ಆ ಪ್ರವಚನವನ್ನು ಸಿದ್ಧಪಡಿಸಿ, ಧ್ವನಿಮುದ್ರಿಸಿ, ಜಾಲಕ್ಕೆ ಏರಿಸಿದ ವಿದ್ವಾಂಸನಿಗೆ ಅಲ್ಪಸ್ವಲ್ಪ ಆದಾಯವೇನಾದರೂ ಬರುತ್ತಿದ್ದರೆ, ಬಹುಪಾಲು ಅದು ಆ ಜಾಹೀರಾತಿನಿಂದಲೇ. ಹಾಗಿರುವಾಗ ಜಾಹೀರಾತನ್ನು ತಡೆದು ಪ್ರವಚನವನ್ನು ಮಾತ್ರ ಸ್ವೀಕರಿಸುವುದು ಅದತ್ತಾದಾನವಾಗುತ್ತದೆಯೆ?

‘ಒಂದು ದೃಷ್ಟಿಯಿಂದ ಸರಿ, ಇನ್ನೊಂದು ದೃಷ್ಟಿಯಿಂದ ತಪ್ಪು’ ಎಂದು ಹೇಳಿ ಕೈತೊಳೆದುಕೊಳ್ಳುವುದು ನಮ್ಮ ಸಭೆಗಳಲ್ಲಿ ಸುಲಭವಾಗಿ ನಡೆಯುವ ಕ್ರಮ. ಅದಕ್ಕೆ ಅನೇಕಾಂತದ ಹೆಸರನ್ನೂ ಕೊಡುತ್ತೇವೆ. ಅನೇಕಾಂತವು ವಸ್ತುವಿನ ಅನೇಕ ಧರ್ಮಗಳನ್ನು ಕಾಣುವ ದೃಷ್ಟಿಯೇ ಹೊರತು, ನಿರ್ಣಯದಿಂದ ತಪ್ಪಿಸಿಕೊಳ್ಳುವ ಉಪಾಯವಲ್ಲ. ಇಲ್ಲಿಯೂ ಒಂದು ನಿರ್ಣಯ ಸಾಧ್ಯವಿದೆ ಎಂದೇ ನನ್ನ ಭಾವನೆ.

ಮೊದಲು ಈ ವ್ಯವಹಾರದ ಸ್ವರೂಪವನ್ನು ತಿಳಿಯಬೇಕು. ಜಾಲದ ಪುಟದ ಮೇಲೆ ಪಟ್ಟಿಯಂತಹ ಜಾಹೀರಾತು ಕಾಣಿಸಿಕೊಂಡದ್ದು 1994ರ ಅಕ್ಟೋಬರ್ 27ರಂದು, ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆಯಲ್ಲಿ. ಎಂಟು ವರ್ಷ ಕಳೆಯುವಷ್ಟರಲ್ಲಿ, 2002ರಲ್ಲಿ, ಡೆನ್ಮಾರ್ಕಿನ ಹೆನ್ರಿಕ್ ಆಸ್ಟೆಡ್ ಸೋರೆನ್‌ಸನ್ ಎಂಬವರು ಆ್ಯಡ್‌ಬ್ಲಾಕ್ ಎಂಬ ತಡೆಯನ್ನು ರಚಿಸಿದರು. 2006ರಲ್ಲಿ ವ್ಲಾದಿಮಿರ್ ಪಲಾಂಟ್ ಅವರ ಆ್ಯಡ್‌ಬ್ಲಾಕ್ ಪ್ಲಸ್, 2014ರಲ್ಲಿ ರೇಮಂಡ್ ಹಿಲ್ ಅವರ ಯುಬ್ಲಾಕ್ ಬಂದವು. ಇವರಲ್ಲಿ ಹಿಲ್ ತಮ್ಮ ಕೆಲಸಕ್ಕೆ ದಾನವನ್ನೂ ಸ್ವೀಕರಿಸುವುದಿಲ್ಲ. ಆ್ಯಡ್‌ಬ್ಲಾಕ್ ಪ್ಲಸ್ಸಿನ ಒಡೆತನದ ಜರ್ಮನ್ ಸಂಸ್ಥೆಯಾದರೋ 2011ರಿಂದ ‘ಒಪ್ಪಬಹುದಾದ ಜಾಹೀರಾತು’ ಎಂಬ ವ್ಯವಸ್ಥೆ ಮಾಡಿ, ದೊಡ್ಡ ಜಾಹೀರಾತುದಾರರಿಂದ ಶುಲ್ಕ ಪಡೆದು ಅವರವನ್ನು ಒಳಗೆ ಬಿಡುತ್ತದೆ. ಕಾವಲುಗಾರನೇ ಸುಂಕ ವಸೂಲು ಮಾಡಿದಂತೆ ಇದು. ತಡೆಯನ್ನು ಬಳಸುವವರೆಲ್ಲ ವೈರಾಗ್ಯದ ಸೇವೆಯನ್ನೇ ಪಡೆಯುತ್ತಿದ್ದಾರೆ ಎಂದು ತಿಳಿಯಬೇಕಾಗಿಲ್ಲ.

ತಡೆಯು ಕೆಲಸ ಮಾಡುವ ಬಗೆಯೂ ನಮ್ಮ ವಿಚಾರಕ್ಕೆ ಮುಖ್ಯ. ನಾವು ಒಂದು ಪುಟವನ್ನು ತೆರೆದಾಗ ಬರಹವು ಒಂದು ಕಡೆಯಿಂದ ಬರುತ್ತದೆ. ಅದರೊಡನೆ ಕಾಣುವ ಜಾಹೀರಾತು ಸಾಮಾನ್ಯವಾಗಿ ಬೇರೊಂದು ಸಂಸ್ಥೆಯ ಯಂತ್ರದಿಂದ ಬರುತ್ತದೆ. ‘ಅಲ್ಲಿಂದ ಇದನ್ನೂ ತರಿಸಿಕೊ’ ಎಂದು ಪುಟವು ನಮ್ಮ ಬ್ರೌಸರಿಗೆ ಹೇಳುತ್ತದೆ. ತಡೆಯಿರುವ ಬ್ರೌಸರು ತನ್ನ ಪಟ್ಟಿಯನ್ನು ನೋಡಿ, ಆ ಎರಡನೆಯ ಕಡೆಗೆ ಹೋಗುವುದೇ ಇಲ್ಲ. ಆದುದರಿಂದ ತಡೆಯುವವನು ಬಂದ ವಸ್ತುವನ್ನು ಕಿತ್ತೆಸೆದ ಎನ್ನುವುದಕ್ಕಿಂತ, ತರಿಸಿಕೊಳ್ಳಲಿಲ್ಲ ಎನ್ನುವುದು ಹೆಚ್ಚು ಸರಿ. ಇತ್ತ ಜಾಹೀರಾತುದಾರನು ಹಣ ಕೊಡುವುದು ತೋರಿಕೆಯ ಲೆಕ್ಕದಲ್ಲಿ. ತೋರದಿದ್ದರೆ ಹಣವಿಲ್ಲ. ದೂರದರ್ಶನದಲ್ಲಿ ಜಾಹೀರಾತು ಬಂದಾಗ ನೀರು ಕುಡಿಯಲು ಎದ್ದು ಹೋಗುವುದಿಲ್ಲವೆ ಎಂದು ಕೆಲವರು ವಾದಿಸುತ್ತಾರೆ. ನಾವು ಎದ್ದುಹೋದರೂ ದೂರದರ್ಶನಕ್ಕೆ ಬರಬೇಕಾದ ಹಣ ಬಂದೇ ಬರುತ್ತದೆ, ಜಾಲದಲ್ಲಿ ಹಾಗಲ್ಲ. ಯೂಟ್ಯೂಬಿನಲ್ಲಿ ದೀರ್ಘ ವಿಡಿಯೊಗಳ ಮೇಲಿನ ಜಾಹೀರಾತಿನ ಆದಾಯದಲ್ಲಿ ಶೇಕಡಾ 55 ಭಾಗ ಅದನ್ನು ರಚಿಸಿದವರಿಗೆ ಸಲ್ಲುತ್ತದೆ. ಅದನ್ನು ಪಡೆಯುವ ಅರ್ಹತೆಗೂ 2018ರಿಂದ 1000 ಚಂದಾದಾರರು ಮತ್ತು ಹನ್ನೆರಡು ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆ ಆಗಿರಬೇಕೆಂಬ ನಿಯಮವಿದೆ. ಕನ್ನಡದಲ್ಲಿ ಹಳಗನ್ನಡ ಕಾವ್ಯವನ್ನೋ ಪ್ರಾಕೃತ ವ್ಯಾಕರಣವನ್ನೋ ಪಾಠ ಹೇಳುವವನಿಗೆ ಆ ಹೊಸ್ತಿಲನ್ನು ದಾಟುವುದೇ ಕಷ್ಟ. ದಾಟಿದ ಮೇಲೂ ಅವನ ಕೇಳುಗರ ಸಂಖ್ಯೆ ಚಿಕ್ಕದು; ಒಬ್ಬೊಬ್ಬ ತಡೆಗಾರನೂ ಅವನಿಗೆ ತಟ್ಟುತ್ತಾನೆ.

ಈಗ ಶಾಸ್ತ್ರದ ಕಡೆಗೆ ಬರೋಣ. ಅದತ್ತಾದಾನವೇ ಸ್ತೇಯವೆಂದಾಗ ಒಂದು ಆಕ್ಷೇಪ ಏಳುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ತಾವೇ ಎತ್ತಿಕೊಂಡಿದ್ದಾರೆ. ಮುನಿಯು ಊರಿನ ಬೀದಿಗಳಲ್ಲಿ, ಪುರದ್ವಾರಗಳಲ್ಲಿ ಸಂಚರಿಸುತ್ತಾನೆ; ಅವನ್ನು ಯಾರೂ ಅವನಿಗೆ ಕೊಟ್ಟಿಲ್ಲ; ಹಾಗಾದರೆ ಅದೂ ಅದತ್ತಾದಾನವಾಗಬೇಕಲ್ಲ ಎಂಬುದು ಆಕ್ಷೇಪ. ಆಚಾರ್ಯರ ಸಮಾಧಾನವು ಬಹಳ ಸರಳ, ಬಹಳ ಗಂಭೀರ. ಬೀದಿ ಮತ್ತು ದ್ವಾರಗಳು ಸಾಮಾನ್ಯವಾಗಿ ಎಲ್ಲರಿಗೂ ಬಿಟ್ಟುಕೊಟ್ಟಂಥವು. ಆದುದರಿಂದ ಅಲ್ಲಿ ದೋಷವಿಲ್ಲ. ಆದರೆ ಮುಚ್ಚಿದ ಬಾಗಿಲಿನೊಳಗೆ ಮುನಿಯು ಪ್ರವೇಶಿಸುವುದಿಲ್ಲ, ಏಕೆಂದರೆ ಅದನ್ನು ಬಿಟ್ಟುಕೊಟ್ಟಿಲ್ಲ. ಇದಲ್ಲದೆ, ಪ್ರಮತ್ತಯೋಗವಿದ್ದಲ್ಲಿ ಮಾತ್ರ ಸ್ತೇಯವೆಂಬ ಮಾತನ್ನೂ ಅವರು ಸೇರಿಸುತ್ತಾರೆ.

ಬೀದಿ ಮತ್ತು ಬಾಗಿಲುಗಳ ಈ ವಿವೇಚನೆ ನಮ್ಮ ಪ್ರಶ್ನೆಗೆ ನೇರವಾಗಿ ಅನ್ವಯಿಸುತ್ತದೆ. ಯಾವ ಕಟ್ಟುಪಾಡನ್ನೂ ಹೇಳದೆ, ಕೇಳಿದವರಿಗೆಲ್ಲ ಕಳುಹಿಸಿಕೊಡುವ ಜಾಲದ ಪುಟವು ಬೀದಿಯಂತೆ ಬಿಟ್ಟುಕೊಟ್ಟದ್ದು. ಬರಹವನ್ನು ಕೊಟ್ಟಿದ್ದಾರೆ, ನಾವು ಪಡೆದಿದ್ದೇವೆ. ಜೊತೆಗೆ ಜಾಹೀರಾತನ್ನು ನೋಡಿಯೇ ತೀರುತ್ತೇವೆಂದು ನಾವು ಮಾತು ಕೊಟ್ಟಿಲ್ಲ. ಬೀದಿಯಲ್ಲಿ ನಡೆಯುವವನು ಅಂಗಡಿಗಳ ಫಲಕಗಳನ್ನೆಲ್ಲ ಓದಲೇಬೇಕೆಂಬ ನಿಯಮವಿಲ್ಲ. ಕಣ್ಣನ್ನು ತಗ್ಗಿಸಿ ಈರ್ಯಾಸಮಿತಿಯಿಂದ ನಡೆಯುವವನನ್ನು ಅಂಗಡಿಯವರು ಕಳ್ಳನೆನ್ನುವುದಿಲ್ಲ. ಹೀಗಾಗಿ, ಇಂತಹ ಪುಟಗಳಲ್ಲಿ ಜಾಹೀರಾತನ್ನು ತಡೆಯುವುದು ಅದತ್ತಾದಾನವಲ್ಲ.

ಅಷ್ಟೇ ಅಲ್ಲ, ತಡೆಯುವುದರಲ್ಲಿ ಗುಣವೂ ಉಂಟು. ಅನರ್ಥದಂಡದ ಐದು ಪ್ರಕಾರಗಳಲ್ಲಿ ದುಃಶ್ರುತಿಯನ್ನೂ ಆಚಾರ್ಯರು ಎಣಿಸಿದ್ದಾರೆ. ರಾಗದ್ವೇಷಗಳನ್ನು ಕೆರಳಿಸುವ ಮಾತುಗಳನ್ನು ಕೇಳುವುದು ಸಹ ಪ್ರಯೋಜನವಿಲ್ಲದ ಪಾಪಕ್ಕೆ ದಾರಿ ಎಂದು ಇದರ ಅಭಿಪ್ರಾಯ. ಜಾಹೀರಾತಿನ ವೃತ್ತಿಯೇ ಇಲ್ಲದ ಬಯಕೆಯನ್ನು ಹುಟ್ಟಿಸುವುದು. ಪರಿಗ್ರಹಪರಿಮಾಣವನ್ನು ಪಾಲಿಸಲು ಯತ್ನಿಸುವ ಕುಟುಂಬದ ಮಗುವಿನ ಮುಂದೆ ದಿನಕ್ಕೆ ನೂರು ಸಲ ‘ಇದು ನಿನ್ನಲ್ಲಿಲ್ಲ’ ಎಂದು ಹೇಳುವ ಯಂತ್ರವೊಂದು ಕೂಗುತ್ತಿದ್ದರೆ, ವ್ರತವು ಎಲ್ಲಿ ನಿಂತೀತು? ಶಾಕಾಹಾರದ ಮನೆಯಲ್ಲಿ ಕುಳಿತವರಿಗೆ ಮಾಂಸದ ತಿನಿಸುಗಳ ಚಿತ್ರ ಬರುತ್ತದೆ. ಪಣವಿಟ್ಟು ಆಡುವ ಇಸ್ಪೀಟಿನ ಆಟಗಳ ಜಾಹೀರಾತಂತೂ ಹಲವು ವರ್ಷ ನಮ್ಮ ಯುವಕರ ಬೆನ್ನು ಹತ್ತಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಶಾಸನವನ್ನು ಮಾಡಬೇಕಾಯಿತು. ಸಪ್ತವ್ಯಸನಗಳಲ್ಲಿ ದ್ಯೂತವನ್ನು ಎಣಿಸಿದ ನಮ್ಮ ಹಿರಿಯರಿಗೆ ಅದರ ಅಪಾಯ ತಿಳಿಯಲು ಶಾಸನ ಬೇಕಿರಲಿಲ್ಲ. ಇದರ ಮೇಲೆ ವಂಚನೆಯ ಭಯ ಬೇರೆ. ಕಂಪನಿಗಳ ಹೆಸರು ಹೊತ್ತ ಸುಳ್ಳು ಜಾಹೀರಾತುಗಳಿಂದ ಜನರು ಮೋಸಹೋಗುತ್ತಿರುವುದನ್ನು ಕಂಡು ಅಮೆರಿಕದ ಎಫ್‌ಬಿಐ ಸಂಸ್ಥೆಯೇ 2022ರ ಡಿಸೆಂಬರಿನಲ್ಲಿ, ಹುಡುಕಾಟ ಮಾಡುವಾಗ ಜಾಹೀರಾತಿನ ತಡೆಯನ್ನು ಬಳಸಿರಿ ಎಂದು ಸಾರ್ವಜನಿಕರಿಗೆ ಸಲಹೆ ಕೊಟ್ಟಿತು. ನಾವು ಏನನ್ನು ಓದುತ್ತೇವೆ, ಎಲ್ಲಿ ನಿಲ್ಲುತ್ತೇವೆ ಎಂಬುದನ್ನು ನಮಗೆ ಸರಿಯಾಗಿ ತಿಳಿಸದೆ ಸಂಗ್ರಹಿಸಿ ಮಾರುವ ವ್ಯಾಪಾರವೂ ಈ ಜಾಹೀರಾತಿನ ಹಿಂದಿದೆ. ಅದತ್ತಾದಾನವೆಂಬ ಮಾತು ನಿಜವಾಗಿ ಒಪ್ಪುವುದಾದರೆ ಮೊದಲು ಅವರಿಗೇ ಒಪ್ಪೀತು. ಆದರೆ ಎದುರಿನವನ ತಕ್ಕಡಿ ಸುಳ್ಳಾದುದರಿಂದ ನನ್ನ ತಕ್ಕಡಿ ನೇರವಾಗುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ತಡೆಗಾರರಿಗೆ ಸಂತೋಷವಾದೀತು. ಆದರೆ ಕಷ್ಟದ ಭಾಗ ಇನ್ನು ಮುಂದಿದೆ.

2015ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಸಂಸ್ಥೆಯು ತನ್ನ ಐಫೋನುಗಳಲ್ಲಿ ಜಾಹೀರಾತಿನ ತಡೆಗೆ ಮೊದಲ ಬಾರಿ ಅವಕಾಶ ಕೊಟ್ಟಾಗ, ಅಮೆರಿಕದ ಮಾರ್ಕೊ ಆರ್ಮೆಂಟ್ ಎಂಬ ತಂತ್ರಜ್ಞರು ‘ಪೀಸ್’ ಎಂಬ ಹೆಸರಿನ ತಡೆಯನ್ನು ರಚಿಸಿ, ಸುಮಾರು ಮೂರು ಡಾಲರ್ ಬೆಲೆಗೆ ಮಾರಾಟಕ್ಕಿಟ್ಟರು. ಅಲ್ಲಿ ಹಣಕೊಟ್ಟು ಕೊಳ್ಳುವ ಆ್ಯಪ್‌ಗಳ ಪಟ್ಟಿಯಲ್ಲಿ ಅದು ಒಡನೆಯೇ ಮೊದಲ ಸ್ಥಾನಕ್ಕೆ ಏರಿತು. ಎರಡು ದಿನ ಕಳೆಯುವಷ್ಟರಲ್ಲಿ ಅವರು ಅದನ್ನು ಮಾರಾಟದಿಂದ ಹಿಂತೆಗೆದುಕೊಂಡರು. ಕೊಂಡವರಿಗೆ ಹಣ ಮರಳಿತು. ತಡೆಯಿಂದ ಅನೇಕರಿಗೆ ಉಪಕಾರವಾಗುವುದಾದರೂ ಪೆಟ್ಟಿಗೆ ಅರ್ಹರಲ್ಲದ ಕೆಲವರಿಗೂ ಅದರಿಂದ ಪೆಟ್ಟು ಬೀಳುತ್ತದೆ, ಅದರ ಯಶಸ್ಸು ತಮಗೆ ಹಿತವೆನಿಸಲಿಲ್ಲ ಎಂಬುದು ಅವರು ಕೊಟ್ಟ ಕಾರಣದ ಸಾರ. ತಡೆಯೇ ತಪ್ಪೆಂದು ಅವರು ಹೇಳಲಿಲ್ಲ. ದುಷ್ಟ ಜಾಹೀರಾತಿಗೂ ಸಭ್ಯ ಜಾಹೀರಾತಿಗೂ, ದೊಡ್ಡ ಸಂಸ್ಥೆಗೂ ಒಬ್ಬಂಟಿ ಬರಹಗಾರನಿಗೂ ಒಂದೇ ಏಟು ಬೀಳುವುದನ್ನು ಅವರು ಸಹಿಸಲಿಲ್ಲ. ಕೈಗೆ ಬಂದ ಲಾಭವನ್ನು ಬಿಟ್ಟು ಹೀಗೆ ಹಿಂದೆ ಸರಿದುದನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಮಾದವನ್ನು ಕಂಡೊಡನೆ ಯೋಗವನ್ನು ನಿಲ್ಲಿಸಿದಂತಾಯಿತು. ಆ ಮನುಷ್ಯನು ಜೈನನಲ್ಲ. ಆದರೂ ನಮ್ಮ ಅನೇಕ ವರ್ತಕರಿಗಿಂತ ಅವನ ವರ್ತನೆ ನಮ್ಮ ಶಾಸ್ತ್ರಕ್ಕೆ ಹತ್ತಿರವಾಗಿದೆ.

ಶ್ರಾವಕನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾನು ಜಾಹೀರಾತನ್ನು ತಡೆಯುತ್ತಿರುವುದು ಸಂಯಮಕ್ಕಾಗಿಯೋ, ಲೋಭಕ್ಕಾಗಿಯೋ? ಇದನ್ನು ಪರೀಕ್ಷಿಸುವ ಬಗೆ ಕಠಿನವೇನಲ್ಲ. ಸಂಯಮಕ್ಕಾಗಿ ತಡೆದವನಿಗೆ, ಜಾಹೀರಾತಿನ ಬದಲು ಬೇರೆ ದಾರಿಯಿಂದ ಕೃತಿಕಾರನ ಶ್ರಮಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವ ಅವಕಾಶ ಬಂದಾಗ ಹಗುರವೆನಿಸುತ್ತದೆ. ಲೋಭಕ್ಕಾಗಿ ತಡೆದವನು ಅಲ್ಲಿಯೂ ಒಂದು ನೆಪ ಹುಡುಕುತ್ತಾನೆ. ‘ಜಾಹೀರಾತು ದುಃಶ್ರುತಿ’ ಎನ್ನುತ್ತ ತಡೆಯುವ, ‘ಜ್ಞಾನಕ್ಕೆ ಬೆಲೆ ಕಟ್ಟಬಾರದು’ ಎನ್ನುತ್ತ ಕೊಡದಿರುವ, ಆದರೆ ಪ್ರತಿದಿನ ಬೆಳಿಗ್ಗೆ ಅದೇ ವಿದ್ವಾಂಸನ ಪಾಠವನ್ನು ಕೇಳುವ ವ್ಯಕ್ತಿಯ ವಿಷಯದಲ್ಲಿ ಏನೆನ್ನಬೇಕು? ಅವನು ಅಚೌರ್ಯವನ್ನು ಸ್ಥೂಲವಾಗಿ ಮುರಿದಿಲ್ಲ. ಆದರೆ ಅವನ ಮಾತಿನಲ್ಲಿ ಮಾಯೆಯೂ ಮನಸ್ಸಿನಲ್ಲಿ ಲೋಭವೂ ಇವೆ. ಕರ್ಮಾಸ್ರವಕ್ಕೆ ಕಷಾಯವು ಸಾಕು, ಅದಕ್ಕೆ ಕಳ್ಳತನವೆಂಬ ಹೆಸರೇ ಬೇಕೆಂದಿಲ್ಲ.

ಜ್ಞಾನಕ್ಕೆ ಬೆಲೆ ಕಟ್ಟಬಾರದೆಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸಿದ ಪರಂಪರೆ ನಮ್ಮದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲ ಅಭಿಮಾನದಿಂದ ಸ್ಮರಿಸುವ ಸಂಗತಿ. ರನ್ನನ ಅಜಿತಪುರಾಣವು 993ರಲ್ಲಿ ರೂಪುಗೊಂಡದ್ದೂ ಅವಳ ಆಶ್ರಯದಲ್ಲಿಯೇ. ಅಂದು ಆ ಪ್ರತಿಯನ್ನು ಪಡೆದ ಓದುಗನು ಕಾಸು ಕೊಡಲಿಲ್ಲ, ನಿಜ. ಆದರೆ ಓಲೆಗರಿಯನ್ನು ಹದಮಾಡಿದವನಿಗೂ ಕಂಠದಿಂದ ಅಕ್ಷರ ಕೊರೆದ ಲಿಪಿಕಾರನಿಗೂ ಅವಳು ಕೊಟ್ಟಿರಬೇಕು. ಸಾವಿರ ಪ್ರತಿಗಳೆಂದರೆ ಎಷ್ಟು ಜನರ ಎಷ್ಟು ತಿಂಗಳ ಅನ್ನ! ನಮ್ಮ ಪೂರ್ವಜರಲ್ಲಿ ವ್ರತದ ಉದ್ಯಾಪನೆಗೆ ಗ್ರಂಥದ ಪ್ರತಿ ಮಾಡಿಸಿ ಬಸದಿಗೋ ಮುನಿಗಳಿಗೋ ಅರ್ಪಿಸುವ ರೂಢಿ ಇದ್ದುದೂ ಇದೇ ಕಾರಣಕ್ಕೆ. ಜ್ಞಾನವು ಓದುಗನಿಗೆ ಉಚಿತವಾಗಿ ದೊರೆಯಲೆಂದು ಉಳ್ಳವರೊಬ್ಬರು ಅದರ ವೆಚ್ಚವನ್ನು ಹೊತ್ತುಕೊಳ್ಳುತ್ತಿದ್ದರು. ಇಂದು ಜಾಲದಲ್ಲಿ ಆ ವೆಚ್ಚವನ್ನು ಅತ್ತಿಮಬ್ಬೆಯ ಬದಲು ಸಾಬೂನು, ಸಾಲ, ಮೊಬೈಲುಗಳ ವ್ಯಾಪಾರಿಗಳು ಹೊತ್ತಿದ್ದಾರೆ. ಆ ವ್ಯಾಪಾರಿಯನ್ನು ಮನೆಯಿಂದ ಹೊರಗಿಟ್ಟವನು ಅವನ ಸ್ಥಾನದಲ್ಲಿ ತಾನು ನಿಲ್ಲಬೇಡವೆ?

ಇದರಲ್ಲಿ ಮೂರನೆಯವರ ಹಿತವೂ ಅಡಗಿದೆ. ತಿಂಗಳಿಗೆ ನೂರೈವತ್ತು ರೂಪಾಯಿಯನ್ನು ಬೇರೆ ತೆಗೆದಿಡಲಾರದ ವಿದ್ಯಾರ್ಥಿಗೆ ಜಾಹೀರಾತೇ ಶುಲ್ಕ. ಅವನು ಅದನ್ನು ನೋಡಿ ಪಾಠವನ್ನು ಪಡೆಯುತ್ತಾನೆ. ಕೊಡಲು ಶಕ್ತರಾದವರು ಜಾಹೀರಾತನ್ನೂ ತಡೆದು, ಹಣವನ್ನೂ ಕೊಡದೆ ಹೋದರೆ, ಕೃತಿಕಾರನು ಒಂದು ದಿನ ಪಾಠವನ್ನು ನಿಲ್ಲಿಸುತ್ತಾನೆ ಅಥವಾ ಹಣ ಕೊಟ್ಟವರಿಗೆ ಮಾತ್ರ ಎಂದು ಬಾಗಿಲು ಹಾಕುತ್ತಾನೆ. ಬಾಗಿಲು ಹಾಕಿದಾಗ ಹೊರಗೆ ಉಳಿಯುವವನು ಆ ವಿದ್ಯಾರ್ಥಿಯೇ.

ಇನ್ನು ಮುಚ್ಚಿದ ಬಾಗಿಲಿನ ವಿಷಯ. ಚಂದಾದಾರರಿಗೆ ಮಾತ್ರವೆಂದು ಬೀಗ ಹಾಕಿದ ಲೇಖನವನ್ನು ಉಪಾಯದಿಂದ ತೆರೆಯುವುದು, ಹಣ ಕೊಟ್ಟರೆ ಸಿಗುವ ಸೌಲಭ್ಯವನ್ನು ತಿದ್ದಿದ ಆ್ಯಪ್ ಮೂಲಕ ಪುಕ್ಕಟೆ ಪಡೆಯುವುದು, ಮಾರಾಟದಲ್ಲಿರುವ ಪುಸ್ತಕದ ಛಾಯಾಪ್ರತಿಯನ್ನು ವಾಟ್ಸ್‌ಆ್ಯಪ್ ಬಳಗದಲ್ಲಿ ಹಂಚುವುದು, ಇವುಗಳಲ್ಲಿ ಚರ್ಚೆಗೆ ಅವಕಾಶವೇ ಇಲ್ಲ. ಅಚೌರ್ಯದ ಅತಿಚಾರಗಳಲ್ಲಿ ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದನ್ನೂ ಕಳ್ಳನನ್ನು ಪ್ರೇರಿಸುವುದನ್ನೂ ಹೇಳಿದೆ. ಬಳಗದಲ್ಲಿ ಬಂದುದನ್ನು ಇಳಿಸಿಕೊಂಡವನೂ, ‘ಯಾರಾದರೂ ಇದರ ಪ್ರತಿ ಕಳುಹಿಸಿ’ ಎಂದು ಕೇಳಿದವನೂ ಅವುಗಳಿಂದ ಹೊರಗಿಲ್ಲ. ಧಾರ್ಮಿಕ ಗ್ರಂಥವೆಂಬ ಕಾರಣಕ್ಕೆ ಇದಕ್ಕೆ ವಿನಾಯಿತಿ ಉಂಟೆಂದು ವಾದಿಸುವವರಿದ್ದಾರೆ. ನನಗಂತೂ ಅದು ಧಾರ್ಮಿಕ ಗ್ರಂಥವೆಂಬ ಕಾರಣಕ್ಕೇ ಹೆಚ್ಚು ಅನುಚಿತವಾಗಿ ಕಾಣುತ್ತದೆ.

ಆದರೆ ಅರ್ಧ ತೆರೆದ ಬಾಗಿಲುಗಳೂ ಇವೆ. ‘ತಡೆಯನ್ನು ನಿಲ್ಲಿಸಿ ಒಳಗೆ ಬನ್ನಿ’ ಎಂದು ಕೆಲವು ಪುಟಗಳು ಕೇಳುತ್ತವೆ. 2023ರಲ್ಲಿ ಯೂಟ್ಯೂಬ್ ತಡೆಗಾರರಿಗೆ ಸೂಚನೆ ತೋರಿಸಿ, ಜಾಹೀರಾತಿಗೆ ಅವಕಾಶ ಕೊಡಿ ಇಲ್ಲವೆ ಪ್ರೀಮಿಯಂ ಚಂದಾ ತೆಗೆದುಕೊಳ್ಳಿ ಎಂದು ಹೇಳಿತು. ಕೇಳದವರಿಗೆ ವಿಡಿಯೊ ನಿಲ್ಲಿಸಲಾರಂಭಿಸಿತು. ಆ ಸೂಚನೆಯನ್ನು ದಾಟುವ ಹೊಸ ಹೊಸ ಉಪಾಯಗಳು ಹುಟ್ಟಿಕೊಂಡವು. ಅವನ್ನು ಕಟ್ಟುವ, ಬಿಚ್ಚುವ ಆಟ ಈಗಲೂ ನಡೆದಿದೆ. ಇಲ್ಲಿ ನನ್ನ ನಿರ್ಣಯ ಕೆಲವರಿಗೆ ಕಠಿಣವೆನಿಸಬಹುದು. ಕೊಡುವವನು ತನ್ನ ಷರತ್ತನ್ನು ನಮ್ಮ ಮುಖದೆದುರಿಗೆ ಹೇಳಿದ ಮೇಲೆ, ಆ ವಸ್ತುವು ಷರತ್ತಿನೊಡನೆ ಮಾತ್ರ ದತ್ತ. ಷರತ್ತನ್ನು ಬಿಟ್ಟರೆ ಅದತ್ತ. ಒಪ್ಪಿ ನೋಡಬಹುದು, ಹಣ ಕೊಟ್ಟು ನೋಡಬಹುದು, ಅಲ್ಲಿಂದ ಎದ್ದು ಹೋಗಬಹುದು. ಕಿಟಕಿಯಿಂದ ನುಸುಳುವುದು ನಾಲ್ಕನೆಯ ದಾರಿಯಾಗಿ ಶ್ರಾವಕನಿಗೆ ಉಳಿಯುವುದಿಲ್ಲ. ಸಂಸ್ಥೆಯು ಬಹು ಶ್ರೀಮಂತವಾದುದು, ಅದಕ್ಕೇನು ನಷ್ಟ ಎಂಬ ವಾದ ಸಲ್ಲದು. ಶ್ರೀಮಂತನ ವಸ್ತುವನ್ನು ಅವನು ಕೊಡದೆ ತೆಗೆದುಕೊಂಡರೆ ಅದು ದತ್ತವಾಗುತ್ತದೆಂದು ಯಾವ ಶ್ರಾವಕಾಚಾರವೂ ಹೇಳಿಲ್ಲ.

ಹಾಗಾದರೆ ಉದ್ದುದ್ದ ನಿಯಮಾವಳಿಯಲ್ಲಿ ಎಲ್ಲೋ ಬರೆದಿಟ್ಟ ಷರತ್ತಿನ ಗತಿಯೇನು? ಯಾರೂ ಓದುವುದಿಲ್ಲವೆಂದು ಬಲ್ಲವರೇ ಬರೆದ ಅಂತಹ ಬರಹವನ್ನು ತಿಳಿಯದೆ ಮೀರಿದವನಲ್ಲಿ ಪ್ರಮತ್ತಯೋಗವನ್ನು ಆರೋಪಿಸುವುದು ನ್ಯಾಯವಲ್ಲ. ತಿಳಿದ ಮೇಲೆ ಮಾತ್ರ ತಿಳಿಯದಂತೆ ನಟಿಸುವಂತಿಲ್ಲ. ಯೂಟ್ಯೂಬಿನ ಮಟ್ಟಿಗೆ ಈ ಲೇಖನವನ್ನು ಇಲ್ಲಿಯವರೆಗೆ ಓದಿದವರಿಗೆ ಆ ಅನುಕೂಲವೂ ತಪ್ಪಿಹೋಯಿತೆಂದು ಹೇಳಬೇಕಾಗಿದೆ!

ಇದಕ್ಕೆ ವಿರುದ್ಧವಾದ ಇನ್ನೊಂದು ದೋಷವೂ ನಮ್ಮಲ್ಲಿ ಹಬ್ಬುತ್ತಿದೆ. ಯಾರಾದರೊಬ್ಬರು ಹೊಸದಾಗಿ ಚಾನೆಲ್ ಆರಂಭಿಸಿದರೆ, ‘ನೋಡದಿದ್ದರೂ ಚಿಂತೆಯಿಲ್ಲ, ಧ್ವನಿಯನ್ನು ಅಡಗಿಸಿ ರಾತ್ರಿಯೆಲ್ಲ ಓಡಿಸಿ, 4000 ಗಂಟೆ ತುಂಬಲಿ’, ‘ಜಾಹೀರಾತಿನ ಮೇಲೆ ಒಂದೆರಡು ಸಲ ಒತ್ತಿರಿ, ನಮ್ಮವರಿಗೆ ಸಹಾಯವಾಗುತ್ತದೆ’ ಎಂಬ ಸಂದೇಶಗಳು ಬಳಗದಿಂದ ಬಳಗಕ್ಕೆ ಹೋಗುತ್ತವೆ. ಉದ್ದೇಶವೇನೋ ವಾತ್ಸಲ್ಯವೇ. ಆದರೆ ನೋಡದಿದ್ದುದನ್ನು ನೋಡಿದೆನೆಂದು ಲೆಕ್ಕ ಬರೆಯಿಸುವುದು ಸತ್ಯಾಣುವ್ರತಕ್ಕೆ ಸಲ್ಲದು. ಕೊಳ್ಳುವ ಮನಸ್ಸಿಲ್ಲದೆ ಒತ್ತಿದ ಜಾಹೀರಾತಿಗೆ ಹಣ ತೆರುವ ವ್ಯಾಪಾರಿಗೆ ಅದು ಹೀನಮಾನದಿಂದ ಅಳೆದು ಕೊಟ್ಟಂತೆಯೇ. ಗೂಗಲ್ ಸಂಸ್ಥೆಯು ಇಂತಹ ಕೃತಕ ಒತ್ತುವಿಕೆಯನ್ನು ಪತ್ತೆಹಚ್ಚಿದರೆ ಆ ಚಾನೆಲಿನ ಆದಾಯವನ್ನೇ ನಿಲ್ಲಿಸಬಹುದು. ಉಪಕಾರ ಮಾಡಹೋಗಿ ಅನ್ನಕ್ಕೇ ಸಂಚಕಾರ ತಂದಂತೆ. ಜಾಹೀರಾತನ್ನು ಪ್ರತಿಭಟಿಸಲೆಂದು ಎಲ್ಲ ಜಾಹೀರಾತುಗಳನ್ನೂ ಮರೆಯಲ್ಲಿ ತಾನಾಗಿ ಒತ್ತುವ ಆ್ಯಡ್‌ನಾಸಿಯಂ ಎಂಬ ಸಾಧನವೊಂದನ್ನು ವಿದೇಶದ ವಿದ್ವಾಂಸರು ರಚಿಸಿದ್ದಾರೆ. ಅವರ ಆಕ್ರೋಶ ಅರ್ಥವಾಗುವಂಥದೇ. ಆದರೆ ನಮಗೆ ಆ ದಾರಿ ಮುಚ್ಚಿದೆ. ತಡೆಯುವವನು ಸುಮ್ಮನಿರುತ್ತಾನೆ, ಇವನು ಸುಳ್ಳು ಹೇಳುತ್ತಾನೆ. ಮೌನಕ್ಕೂ ಸುಳ್ಳಿಗೂ ಇರುವ ಅಂತರ ನಮ್ಮ ಶಾಸ್ತ್ರದಲ್ಲಿ ಸಣ್ಣದಲ್ಲ.

ವ್ಯವಹಾರದಲ್ಲಿ ಏನು ಮಾಡಬಹುದು? ಯೂಟ್ಯೂಬಿನ ಪ್ರೀಮಿಯಂ ಚಂದಾ ನಮ್ಮ ದೇಶದಲ್ಲಿ 2024ರ ಆಗಸ್ಟಿನಲ್ಲಿ ಒಬ್ಬರಿಗೆ ತಿಂಗಳಿಗೆ 149 ರೂಪಾಯಿಗೆ, ಕುಟುಂಬಕ್ಕೆ 299 ರೂಪಾಯಿಗೆ ಏರಿತು. ಅದರ ಒಂದು ಪಾಲು, ಚಂದಾದಾರನು ಯಾರನ್ನು ಎಷ್ಟು ಹೊತ್ತು ನೋಡಿದನೆಂಬ ಲೆಕ್ಕದಲ್ಲಿ ಕೃತಿಕಾರರಿಗೆ ಹೋಗುತ್ತದೆ. ಜಾಹೀರಾತೂ ಇಲ್ಲ, ಋಣವೂ ಇಲ್ಲ. ಇದು ಬೇಡವೆಂದರೆ ಕೃತಿಕಾರನಿಗೆ ನೇರವಾಗಿ ಕೊಡಬಹುದು. ಜ್ಯಾಕ್ ಕಾಂಟೆ ಎಂಬ ಸಂಗೀತಗಾರರು, ಜಾಹೀರಾತಿನ ಪಾಲನ್ನು ನಂಬಿ ಬದುಕಲಾಗದೆಂದು ಕಂಡು, 2013ರಲ್ಲಿ ಪೇಟ್ರಿಯಾನ್ ಎಂಬ ವ್ಯವಸ್ಥೆಯನ್ನು ಇನ್ನೊಬ್ಬರೊಡನೆ ಸೇರಿ ಸ್ಥಾಪಿಸಿದರು. ಅಭಿಮಾನಿಗಳು ತಿಂಗಳಿಗೊಮ್ಮೆ ಸಣ್ಣ ಮೊತ್ತವನ್ನು ಕೊಡುವ ಪದ್ಧತಿ ಅದು. ನಮ್ಮಲ್ಲಿ ಯುಪಿಐ ಬಂದ ಮೇಲೆ ಇಷ್ಟೂ ಬೇಕಿಲ್ಲ. ಬೀದಿಬದಿಯಲ್ಲಿ ತರಕಾರಿ ಕೊಳ್ಳುವಷ್ಟೇ ಸುಲಭವಾಗಿ ವಿದ್ವಾಂಸನಿಗೂ ಕಳುಹಿಸಬಹುದು. ಶ್ರುತಪಂಚಮಿಯ ದಿನ ಗ್ರಂಥಗಳಿಗೆ ಪೂಜೆ ಸಲ್ಲಿಸುವ ಕುಟುಂಬವು, ವರ್ಷವಿಡೀ ತಾನು ಕೇಳಿದ, ಓದಿದ ಇಬ್ಬರು ಮೂವರು ಕೃತಿಕಾರರಿಗೆ ಅಂದು ಯಥಾಶಕ್ತಿ ಕಳುಹಿಸುವ ಕ್ರಮವನ್ನು ಇಟ್ಟುಕೊಂಡರೆ ಅದು ಹೊಸ ಆಚಾರವೇನೂ ಅಲ್ಲ. ಎಷ್ಟು ಕೊಡಬೇಕೆಂಬುದಕ್ಕೆ ಸೂತ್ರವಿಲ್ಲ. ಆ ವರ್ಷ ಜಾಹೀರಾತಿನಿಂದ ಅವನಿಗೆ ಬರುತ್ತಿದ್ದುದು ಕೆಲವೇ ರೂಪಾಯಿಗಳಿರಬಹುದು; ಅಷ್ಟನ್ನೇ ಅಳೆದು ಕೊಡುವುದು ನನಗೆ ಕೃಪಣತನವಾಗಿ ಕಾಣುತ್ತದೆ.

ಕೊನೆಯದಾಗಿ ಬಸದಿಗಳ ಟ್ರಸ್ಟುಗಳ ವಿಷಯ. ಟ್ರಸ್ಟುಗಳು ಈಗ ಕೇವಲ ನೋಡುಗರಲ್ಲ, ಕೃತಿಕಾರರೂ ಹೌದು. ಅಭಿಷೇಕ, ಪಂಚಕಲ್ಯಾಣ, ಪ್ರವಚನಗಳನ್ನು ಯೂಟ್ಯೂಬಿನಲ್ಲಿ ಪ್ರಸಾರ ಮಾಡುತ್ತಾರೆ. ಅಲ್ಲಿ ಜಾಹೀರಾತು ಕಂಡು ಭಕ್ತರು ಬೇಸರಪಟ್ಟಾಗ, ‘ನಾವು ಜಾಹೀರಾತಿಗೆ ಒಪ್ಪಿಯೇ ಇಲ್ಲವಲ್ಲ’ ಎಂದು ಪದಾಧಿಕಾರಿಗಳು ಆಶ್ಚರ್ಯಪಡುವುದುಂಟು. ಯೂಟ್ಯೂಬ್ 2020ರ ನವೆಂಬರಿನಲ್ಲಿ ಅಮೆರಿಕದಲ್ಲಿಯೂ 2021ರಲ್ಲಿ ಉಳಿದ ದೇಶಗಳಲ್ಲಿಯೂ ತನ್ನ ನಿಯಮವನ್ನು ಬದಲಿಸಿ, ಆದಾಯದ ಪಾಲು ಪಡೆಯದ ಚಾನೆಲುಗಳ ಮೇಲೂ ಜಾಹೀರಾತು ಹಾಕುವ ಹಕ್ಕನ್ನು ತನ್ನದಾಗಿಸಿಕೊಂಡಿದೆ. ಪಾಲುದಾರರಾದರೆ ಕೆಲವು ವರ್ಗದ ಜಾಹೀರಾತುಗಳನ್ನು ಬೇಡವೆನ್ನುವ ಅಧಿಕಾರವಾದರೂ ದೊರೆಯುತ್ತದೆ. ಆದರೆ ಆಗ ಉಳಿದ ಜಾಹೀರಾತುಗಳ ಹಣ ಟ್ರಸ್ಟಿನ ಖಾತೆಗೆ ಬರುತ್ತದೆ.

ಈ ಹಣವನ್ನು ಏನೆಂದು ಎಣಿಸಬೇಕು? ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಹೇಳಿದ್ದಾರೆ. ಒಬ್ಬ ಅಧ್ಯಾಪಕನಿಗೆ ಜಾಹೀರಾತಿನ ಆದಾಯವು ಜೀವನೋಪಾಯ. ಅವನು ಅದನ್ನು ಪಡೆಯುವುದರಲ್ಲಿ ಆಕ್ಷೇಪವಿಲ್ಲ. ಆದರೆ ದಾನಿಗಳಿರುವ ಟ್ರಸ್ಟಿಗೆ ಆ ಒತ್ತಡವಿಲ್ಲ. ಜಿನಬಿಂಬದ ಅಭಿಷೇಕದ ನಡುವೆ ತೋರಿದ ಸೌಂದರ್ಯವರ್ಧಕದ ಹಣವು ಪೂಜೆಯ ನಿಧಿಗೆ ಸೇರುವುದು ಉಚಿತವಲ್ಲವೆಂದು ನಾನು ತಿಳಿಯುತ್ತೇನೆ. ಈಗಾಗಲೇ ಬಂದಿರುವುದನ್ನು ಪೂಜಾನಿಧಿಯಿಂದ ಬೇರೆಯಾಗಿ ಬರೆದಿಟ್ಟು, ವಿದ್ಯಾರ್ಥಿಗಳ ಪುಸ್ತಕಗಳಿಗೆ ವಿನಿಯೋಗಿಸಬಹುದು. ‘ನಮ್ಮ ವಿಡಿಯೊಗಳನ್ನು ಜಾಹೀರಾತು ತಡೆದು ನೋಡಿರಿ, ನಮ್ಮ ಅಭ್ಯಂತರವಿಲ್ಲ’ ಎಂದು ಪ್ರಕಟಿಸಿದರೆ ಸಾಕಲ್ಲವೆ ಎಂದು ಕೆಲವರು ಕೇಳಬಹುದು. ಸಾಲದು, ಏಕೆಂದರೆ ಅಭಿಷೇಕವು ಟ್ರಸ್ಟಿನದಾದರೂ ಅದನ್ನು ಮನೆಮನೆಗೆ ಹೊತ್ತು ತರುವ ದಾರಿ ಇನ್ನೊಬ್ಬರದು. ಟ್ರಸ್ಟಿನ ಸಮ್ಮತಿಯು ಟ್ರಸ್ಟಿನ ಭಾಗಕ್ಕೆ ಮಾತ್ರ ಸಲ್ಲುತ್ತದೆ.

ನೇರವಾದ ಮಾರ್ಗವೆಂದರೆ, ಪ್ರವಚನಗಳ ಧ್ವನಿಮುದ್ರಿಕೆಗಳನ್ನಾದರೂ ಟ್ರಸ್ಟಿನ ಸ್ವಂತ ಜಾಲತಾಣದಲ್ಲಿ, ಜಾಹೀರಾತಿಲ್ಲದೆ ಇಡುವುದು. ಧ್ವನಿಯ ಕಡತಗಳು ವಿಡಿಯೊದಷ್ಟು ಭಾರವಲ್ಲ. ಅವನ್ನು ಇಡುವ ಸ್ಥಳದ ವಾರ್ಷಿಕ ಬಾಡಿಗೆಯನ್ನು ಒಂದು ಸಾಧಾರಣ ಟ್ರಸ್ಟು ಹೊರಬಲ್ಲದು. ಹಿಂದೆ ನಂದಾದೀಪದ ಎಣ್ಣೆಗೆಂದು ಭೂಮಿಯನ್ನು ದತ್ತಿ ಬಿಡುತ್ತಿದ್ದವರ ವಂಶಸ್ಥರು ನಮ್ಮಲ್ಲಿ ಇನ್ನೂ ಇದ್ದಾರೆ. ಜಾಲತಾಣದ ಒಂದು ವರ್ಷದ ವೆಚ್ಚಕ್ಕೆ ಇಷ್ಟೆಂದು ಲೆಕ್ಕ ಹಾಕಿ, ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಸೇರಿಸಿ, ದತ್ತಿಗೆ ಮುಂದಾಗುವವರ ಹೆಸರನ್ನು ಕೇಳಬಹುದು. ಹಾಗೆಯೇ ಆ ಪ್ರವಚನವನ್ನು ಮಾಡಿದ ವಿದ್ವಾಂಸರಿಗೆ ಪ್ರಯಾಣದ ವೆಚ್ಚವಲ್ಲದೆ ಗೌರವಧನವನ್ನೂ ಕೊಟ್ಟಿದ್ದೇವೆಯೆ ಎಂಬುದನ್ನು ಕಾರ್ಯದರ್ಶಿಗಳು ಹಳೆಯ ರಸೀದಿಗಳಲ್ಲಿ ಒಮ್ಮೆ ನೋಡಿಕೊಳ್ಳಬೇಕು.